ಚೆಂಡು ಹೂ ಮಾರಿದ ದುಡ್ಡು ಯಾರದು?

ಪಾಂಡವಪುರ ಕಡೆಯ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಮಗನಿಗೆ 12 ವರ್ಷ, ಏಳನೇ ಕ್ಲಾಸು. ಆಯುಧಪೂಜೆ ದಿನ ತಮ್ಮ ಹೊಲದ ಚೆಂಡು ಹೂವನ್ನು ತಾನೇ ಕಟ್ಟಿ, ರಸ್ತೆ ಬದಿ ಕೂತು ಮಾರಿ 640 ರೂಪಾಯಿ ತಂದನಂತೆ. ಆ ವಾರವೇ ಲೈಟಿಂಗ್ ನೋಡಲು ಮೈಸೂರಿಗೆ ಹೋದಾಗ 450 ಕೊಟ್ಟು ರಿಮೋಟ್ ಕಾರು ಕೊಂಡ. ಎರಡೇ ದಿನಕ್ಕೆ ಅದು ಕೆಟ್ಟಿತು. ಅಪ್ಪ ಬೈದು, ಉಳಿದ 190 ರೂಪಾಯಿ ಕಿತ್ತುಕೊಂಡರು. ಕೈಗೆ ಕಾಸು ಕೊಟ್ಟರೆ ಹುಡುಗ ಕೆಡ್ತಾನೆ ಅಂತ ಅಜ್ಜಿ. ಈಗ ಡೇರಿಗೆ ಹಾಲು ಹಾಕಿ ಬರೋಕೆ ದಿನಕ್ಕೆ ಐದು ರೂಪಾಯಿ ಕೇಳ್ತಿದ್ದಾನೆ. ಬೇಸಿಗೆ ರಜೆಗೆ ಊರಿನ ದಿನಸಿ ಅಂಗಡಿಗೆ ಸೇರ್ತೀನಿ ಅಂತಲೂ ಹಟ. 'ಏನು ಮಾಡಲಿ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಆ 190 ರೂಪಾಯಿ ಅವನಿಗೆ ವಾಪಸ್ ಕೊಡಿಸಿ. ಮಿಕ್ಕಿದ್ದು ಆಮೇಲೆ.

ನಿಮ್ಮ ಯಜಮಾನರ ಸಿಟ್ಟಿನಲ್ಲೂ ಒಂದು ನ್ಯಾಯ ಇದೆ. ಅವರು ಅದನ್ನು ಹೇಳಲಿಲ್ಲ ಅಷ್ಟೆ. ಆ 640 ಪೂರ್ತಿ ಹುಡುಗನ ಸಂಪಾದನೆ ಅಲ್ಲ. ಸಸಿ, ಗೊಬ್ಬರ, ಹೂ ಬಿಡಿಸಿದ ಕೂಲಿ ಎಲ್ಲ ಮನೆಯದು. ಮುಂದಿನ ಸಲ ಹೂವಿಗೆ ರೇಟು ಹಾಕಿಯೇ ಅವನ ಕೈಗೆ ಕೊಡಿ. ಸಂಜೆ ಬಂದು ಅಸಲು ಅಪ್ಪನಿಗೆ ಎಣಿಸಿ ಕೊಡಲಿ. ಉಳಿದ ಲಾಭ ಅವನದು. ಅದರಲ್ಲಿ ಕಾರು ಕೊಂಡನೋ, ಗೋಬಿ ತಿಂದನೋ, ಯಾರೂ ಕೇಳೋ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಒಂದು ಸಾಲು. ಬೆಳಗ್ಗೆ ಮಾರಿಗೆ 40 ಹೇಳುತ್ತಿದ್ದವನು ಸಂಜೆ ತಾನಾಗಿಯೇ 20ಕ್ಕೆ ಇಳಿಸಿದ ಅಂತ ಬರೆದಿದ್ದೀರಿ. ಯಾರು ಹೇಳಿಕೊಟ್ಟರು? ಹಬ್ಬ ಮುಗಿದರೆ ಚೆಂಡು ಹೂ ಕೇಳೋರಿಲ್ಲ, ತಿಪ್ಪೆಗೇ ಹೋಗೋದು ಅನ್ನೋದನ್ನು ರಸ್ತೆ ಬದಿ ಕೂತೇ ಕಲಿತಿದ್ದಾನೆ. ಮಾರುವಾಗ ಇಷ್ಟು ಚುರುಕಾಗಿದ್ದವನು ಕೊಳ್ಳುವಾಗ ಏಮಾರಿದ. ಆಗಲಿ ಬಿಡಿ. ನಮ್ಮ ಮನೆಗಳ ಅಟ್ಟದ ಮೇಲೆ ದೊಡ್ಡವರು ಕೊಂಡು ಮೂಲೆಗೆ ಹಾಕಿದ ಸಾಮಾನು ಕಡಿಮೆಯಾ?

ಒಂದು ದಿನ ಸಮಾಧಾನವಾಗಿ ಕೇಳಿ: ಆ ಕಾರಿಗೆ ಎಷ್ಟು ಮಾರು ಹೂ ಹೋಯ್ತು ಕಣೋ? ಬೆಳಗಿನ ರೇಟಿನಲ್ಲಿ ಹನ್ನೊಂದು ಮಾರಿನ ಮೇಲೆ. ಸಂಜೆ ರೇಟಿನಲ್ಲಿ ಇಪ್ಪತ್ತೆರಡೂವರೆ. ಅಷ್ಟು ಕಟ್ಟೋಕೆ ಬೆರಳು ಎಷ್ಟು ನೋಯುತ್ತೆ ಅಂತ ಅವನಿಗೇ ಗೊತ್ತು. ಅಪ್ಪನ ದುಡ್ಡಲ್ಲಿ ಕೊಂಡಿದ್ದರೆ ಈ ಲೆಕ್ಕ ತಲೆಗೇ ಹೋಗ್ತಿರಲಿಲ್ಲ. ಆದರೆ ಒಂದು ಸಲ ಕೇಳಿ ಬಿಟ್ಟುಬಿಡಿ. ನೆಂಟರ ಮುಂದೆಲ್ಲ ಎತ್ತಿ ಹಂಗಿಸಬೇಡಿ.

ಹಾಲಿನ ವಿಷಯ. ದಿನಕ್ಕೆ ಐದು ರೂಪಾಯಿ ಬೇಡ. ಮನೆ ಕೆಲಸಕ್ಕೆ ಕೂಲಿ ಶುರುವಾದರೆ ನಾಳೆ ಅಜ್ಜಿಗೆ ನೀರು ಕೊಡೋಕೂ ರೇಟು ಬರುತ್ತೆ. ಬದಲಿಗೆ ಡೇರಿ ಪುಸ್ತಕ ಅವನಿಗೆ ಒಪ್ಪಿಸಿ. ಎಷ್ಟು ಲೀಟರ್ ಹಾಕಿದೆವು, ಫ್ಯಾಟ್ ಎಷ್ಟು ಬಂತು, ಹಿಂಡಿ ಬೂಸಕ್ಕೆ ಎಷ್ಟು ಹೋಯಿತು, ಬಟವಾಡೆಯಲ್ಲಿ ಕೈಗೆ ಉಳಿದದ್ದೆಷ್ಟು ಅಂತ ಅವನೇ ಓದಿ ಹೇಳಲಿ. ಮನೆ ಹೇಗೆ ನಡೀತಿದೆ ಅಂತ ಗೊತ್ತಾದರೆ ಐದು ರೂಪಾಯಿ ಮಾತು ತಾನಾಗೇ ನಿಲ್ಲಬಹುದು. ನಿಲ್ಲದೇನೂ ಇರಬಹುದು, ಹುಡುಗ ವ್ಯಾಪಾರಿ!

ಹಾಗೇ ಪೋಸ್ಟಾಫೀಸಿಗೆ ಕರ್ಕೊಂಡು ಹೋಗಿ. 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆಗೆದು ತಾವೇ ನಡೆಸಬಹುದು. ಕನಿಷ್ಠ 500 ರೂಪಾಯಿ ಬೇಕು. ಬ್ಯಾಂಕುಗಳೂ 10 ದಾಟಿದ ಮಕ್ಕಳಿಗೆ ಇಂಥ ಖಾತೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಮತ್ತೆ ಹೇಳಿದೆ. ಪಾಸ್‌ಬುಕ್ ಅವನ ಹತ್ತಿರವೇ ಇರಲಿ. ಹಬ್ಬಕ್ಕೆ ನೆಂಟರು ಮಕ್ಕಳ ಕೈಗಿಟ್ಟ ನೋಟನ್ನು 'ಕೊಡು, ನಾನು ಇಟ್ಟಿರ್ತೀನಿ' ಅಂತ ಇಸ್ಕೊಂಡ ಅಮ್ಮಂದಿರಲ್ಲಿ ಎಷ್ಟು ಜನ ವಾಪಸ್ ಕೊಟ್ಟಿದ್ದಾರೆ? ನಮ್ಮ ಕಚೇರಿಯಲ್ಲಿ ಕೇಳಿದೆ. ಎಲ್ಲರೂ ನಕ್ಕರು.

ಇನ್ನು ದಿನಸಿ ಅಂಗಡಿ. ಅದು ಆಗಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಅಂಗಡಿಯವರಿಗೇ ಕಷ್ಟ. ಸ್ವಂತ ಕುಟುಂಬದ ಕೆಲಸದಲ್ಲಿ ಕೈ ಜೋಡಿಸೋದಕ್ಕೆ ಅಡ್ಡಿಯಿಲ್ಲ. ಆದರೆ ಅಪಾಯದ ಕೆಲಸ ಆಗಿರಬಾರದು, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಆಗಬೇಕು, ಓದಿಗೆ ತೊಂದರೆ ಆಗಬಾರದು. ನಿಮ್ಮ ಹೂವಿನ ಕೆಲಸ ಈ ಲೆಕ್ಕಕ್ಕೆ ಬರಬಹುದು. ಆಲೆಮನೆ ಇದ್ದರೆ ಗಾಣ, ಕೊಪ್ಪರಿಗೆಯ ಹತ್ತಿರ ಮಾತ್ರ ಬಿಡಬೇಡಿ.

ಅಂದಹಾಗೆ, ಈ ಕಾಯ್ದೆಯ ಪ್ರಕಾರ ಕುಟುಂಬ ಅಂದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಅಷ್ಟೇ ಅಲ್ಲ. ಅಪ್ಪ ಅಮ್ಮನ ಒಡಹುಟ್ಟಿದವರೂ ಸೇರುತ್ತಾರೆ. ಅವನ ಸೋದರಮಾವನದ್ದು ಅಂಗಡಿ ಇದ್ದರೆ ರಜೆಯಲ್ಲಿ ಒಂದೆರಡು ಗಂಟೆ ಹೋಗಿ ಪೊಟ್ಟಣ ಕಟ್ಟಿಕೊಡಲಿ, ಚಿಲ್ಲರೆ ಎಣಿಸಲಿ. ಕೈಖರ್ಚಿಗೆ ಅಂತ ಮಾವ ಏನಾದರೂ ಕೊಡೋದಾದರೆ, ನಿಮ್ಮ ಕೈಗಲ್ಲ, ಅವನ ಕೈಗೇ ಕೊಡಲಿ.