ಪ್ರತಿಕ್ರಿಯೆ: ಕ್ಲಾಸಿಗೂ ಆ್ಯಪಿಗೂ ತಾಳ ಕೂಡಿಸುವುದು ಹೇಗೆ?

ವಾರಕ್ಕೆ ಎರಡು ದಿನ ಜರ್ಮನ್ ಕ್ಲಾಸ್, ಮನೆಯಲ್ಲಿ ಡ್ಯುಯೊಲಿಂಗೊ ಅನ್ನುವ ಭಾಷೆ ಕಲಿಸುವ ಆ್ಯಪ್, ಎರಡಕ್ಕೂ ತಾಳಮೇಳ ಇಲ್ಲ, ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ. ಕ್ಲಾಸಂತೂ ಬಿಡಬೇಡಿ. ಆ್ಯಪ್ ತನ್ನ ಪಾಡಿಗೆ ತನ್ನ ಪಾಠ ಹೇಳುತ್ತದೆ. ನಿಮ್ಮ ಮೇಷ್ಟ್ರು ಇವತ್ತು ಏನು ಕಲಿಸಿದರು ಅಂತ ಅದಕ್ಕೇನು ಗೊತ್ತು? ಸ್ಟ್ರೀಕ್, ಅಂದರೆ ದಿನ ತಪ್ಪದೆ ಕಲಿತ ಲೆಕ್ಕ, ಮುರಿದರೆ ಮುರಿಯಲಿ ಬಿಡಿ.

ಅದರ ಬದಲು ಆಂಕಿ ನೋಡಿ, ಪ್ರಶ್ನೆ-ಉತ್ತರದ ಕಾರ್ಡುಗಳಲ್ಲಿ ನೆನಪು ಪರೀಕ್ಷಿಸುವ ಆ್ಯಪ್. ಅದರಲ್ಲಿ ಕಾರ್ಡುಗಳನ್ನು ನೀವೇ ಮಾಡಿಕೊಳ್ಳಬಹುದು. ಕ್ಲಾಸ್ ಮುಗಿದ ದಿನವೇ ಅಲ್ಲಿ ಬಂದ ಐದಾರು ವಾಕ್ಯ ಹಾಕಿ, ಬಿಡಿ ಪದ ಬೇಡ. 'ಇಶ್ ವಾರ್ಟೆ ಔಫ್ ಡೆನ್ ಬುಸ್', ಅಂದರೆ ಬಸ್ಸಿಗೆ ಕಾಯುತ್ತಿದ್ದೇನೆ. ಇದರಲ್ಲಿ 'ಔಫ್ ಡೆನ್' ಮುಚ್ಚಿಟ್ಟು ನೆನಪಿನಿಂದ ಹೇಳಿ. ಸುಮ್ನೆ ಓದುತ್ತಾ ಹೋದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಬಾಯಿ ತೆರೆದಾಗ ಬರುವುದಿಲ್ಲ. ತಪ್ಪಿದ ಕಾರ್ಡ್ ಬೇಗ ವಾಪಸ್ ಬರುತ್ತದೆ, ಸರಿಯಾಗಿದ್ದು ಕೆಲವು ದಿನ ಬಿಟ್ಟು. ಮರೆವು ಶುರುವಿನಲ್ಲೇ ಜಾಸ್ತಿ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರಲ್ವಾ, ಅದೇ ಲೆಕ್ಕ.

ವ್ಯಾಕರಣದ ವಿಡಿಯೊಗಳನ್ನು ಕ್ಲಾಸಿಗೆ ಮುಂಚೆಯೇ ನೋಡಿಬಿಡಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯಲ್ಲಿ ಎ1, ಅಂದರೆ ಮೊದಲ ಮಟ್ಟದಿಂದ ಉಚಿತ ಪಾಠಗಳಿವೆ. ಆಗ ಕ್ಲಾಸಿನ ಹೊತ್ತು ಮಾತಾಡಲು ಸಿಗುತ್ತದೆ. ಪದೇ ಪದೇ ತಪ್ಪುವ ಕಾರ್ಡುಗಳನ್ನು ಬರೆದುಕೊಂಡು ಹೋಗಿ, ಮೇಷ್ಟ್ರ ಮುಂದಿಡಿ.