ಎರಡನೇ ಕ್ಲಾಸಿಗೆ ಚಳಿಗಾಲದ ಕ್ರೀಡೆಗಳ ವಾರ: ಹತ್ತಿಯ ಹಿಮ, ಪೇಪರ್ ಪ್ಲೇಟ್ ಸ್ಕೇಟಿಂಗ್ ಮಾಡಿಸಬಹುದಾ?

ಎರಡೂ ಬೇಡ ಮೇಡಂ. 36 ಮಕ್ಕಳು, ದಿನಕ್ಕೆ ಒಂದು ಪೀರಿಯಡ್, ಖರ್ಚಿಗೆ ಹೆಚ್ಚು ದುಡ್ಡಿಲ್ಲ ಅಂದಿದ್ದೀರಿ. ನಮ್ಮ ಶಾಲೆಯದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಸೋಮವಾರ ಶುರುವಾದ ನಮ್ಮ ‘ವಿಂಟರ್ ಸ್ಪೋರ್ಟ್ಸ್ ವಾರ’ ಮಂಗಳವಾರಕ್ಕೇ ನಿಂತುಹೋಯಿತು. ನಿಲ್ಲಿಸಿದ್ದು ಆ ಪೇಪರ್ ಪ್ಲೇಟುಗಳೇ.

ಆ ಆಟದ ವಿಡಿಯೋ ನೀವೂ ನೋಡಿರುತ್ತೀರಿ. ಒಂದೊಂದು ಕಾಲ ಕೆಳಗೆ ಒಂದೊಂದು ಪ್ಲೇಟ್ ಇಟ್ಟುಕೊಂಡು, ಕಾಲೆತ್ತದೆ ಜಾರಿಸುತ್ತ ಮಕ್ಕಳು ಆರಾಮಾಗಿ ಹೋಗುತ್ತಾರೆ. ಇನ್ನೊಂದು ಸಲ ಹಾಕಿಕೊಂಡು ನೆಲ ನೋಡಿ, ಅದು ಕಾರ್ಪೆಟ್. ಕಾರ್ಪೆಟ್ಟಿನ ಎಳೆಗಳು ಪ್ಲೇಟನ್ನು ಹಿಡಿದು ಹಿಡಿದು ಬಿಡುತ್ತವೆ, ಮಗು ಎಷ್ಟು ತಳ್ಳಿತೋ ಅಷ್ಟೇ ದೂರ ಹೋಗಿ ಪ್ಲೇಟ್ ನಿಲ್ಲುತ್ತದೆ. ನಮ್ಮ ಕ್ಲಾಸುಗಳಲ್ಲಿ ಇರೋದು ವಿಟ್ರಿಫೈಡ್ ಟೈಲ್ಸ್, ಇಲ್ಲಾಂದ್ರೆ ಪಾಲಿಶ್ ಮಾಡಿದ ಗ್ರಾನೈಟ್. ಅಲ್ಲಿ ಪ್ಲೇಟಿಗೆ ತಡೆಯೇ ಇಲ್ಲ. ಸಾಲದ್ದಕ್ಕೆ ಇಲ್ಲಿನ ಅಂಗಡಿಗಳ ಬೆಳ್ಳಿ ಬಣ್ಣದ ಪ್ಲೇಟಿನ ಮೇಲ್ಮೈ ನುಣ್ಣಗಿರುತ್ತದೆ. ಅಂದರೆ ಪ್ಲೇಟ್ ನೆಲದ ಮೇಲೆ ಜಾರುತ್ತದೆ, ಶೂ ಪ್ಲೇಟಿನ ಮೇಲೆ ಜಾರುತ್ತದೆ. ಕಾಲು ಮುಂದಕ್ಕೆ ಓಡಿ ಮೈ ಹಿಂದೆ ಉಳಿಯುತ್ತದೆ. ಮುಂದಕ್ಕೆ ಮುಗ್ಗರಿಸಿದ ಮಗು ಕೈ ಊರುತ್ತದೆ, ಹಿಂದಕ್ಕೆ ಬಿದ್ದರೆ ಊರೋದಕ್ಕೆ ಸಮಯವೇ ಸಿಗಲ್ಲ, ಸೀದಾ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ನಮ್ಮಲ್ಲಿ ಬಿದ್ದ ಹುಡುಗನಿಗೆ ಊತ ಬಂದದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ, ಪುಣ್ಯ. ಆದರೆ ‘ಜಾರೋ ಆಟ ಯಾವುದೂ ಬೇಡ’ ಅಂತ ಹೆಡ್‌ಮಿಸ್ ಹೇಳಿಬಿಟ್ಟರು. ಏನೂ ತಪ್ಪು ಮಾಡದ ಕರ್ಲಿಂಗ್ (ಐಸ್ ಮೇಲೆ ಭಾರದ ಕಲ್ಲನ್ನು ಗುರಿಯ ವೃತ್ತದತ್ತ ಜಾರಿಸೋ ಆಟ) ಕೂಡ ಅದರ ಜೊತೆಗೇ ಹೋಯಿತು.

ಜಮಖಾನ ಹಾಸಿದರೆ ಆಯ್ತಲ್ಲ ಅಂತೀರಾ? ಜಮಖಾನವೇ ಟೈಲ್ಸ್ ಮೇಲೆ ಜಾರುತ್ತದೆ. ಅಂಚಿಗೆ ಗಮ್ ಟೇಪ್ ಹಚ್ಚಿದರೆ ನಡುವೆ ಮಡಿಕೆ ಎದ್ದು ಕಾಲಿಗೆ ತೊಡರುತ್ತದೆ. ಬರೀ ಸಾಕ್ಸಿನಲ್ಲಿ ಜಾರಿಸೋದು, ನೆಲಕ್ಕೆ ಕೇರಂ ಪೌಡರ್ ಉದುರಿಸೋದು, ಎಲ್ಲ ಇದೇ ಜಾತಿಯವು. ವಸ್ತು ಜಾರಲಿ, ಮಕ್ಕಳು ಜಾರೋದು ಬೇಡ. ಉಳಿದದ್ದನ್ನೆಲ್ಲ ಈ ಗೆರೆಯೊಳಗೇ ಮಾಡಿ.

ಹಿಮವನ್ನೇ ಕಾಣದ ಮಕ್ಕಳಿಗೆ ಮೊದಲು ಹಿಮ ತೋರಿಸಬೇಕಲ್ಲ ಅನ್ನೋದು ನಿಮ್ಮ ಚಿಂತೆ. ನನಗೇನೋ ಅದರ ಅಗತ್ಯವೇ ಕಾಣುವುದಿಲ್ಲ. ಹತ್ತಿ ಬೆಳ್ಳಗಿದೆ ಅನ್ನೋದು ಬಿಟ್ಟರೆ ಹಿಮದ ಒಂದು ಗುಣವೂ ಅದಕ್ಕಿಲ್ಲ: ತಣ್ಣಗಿಲ್ಲ, ಕರಗಲ್ಲ, ಜಾರೋದಂತೂ ಇಲ್ಲವೇ ಇಲ್ಲ. ಥರ್ಮಾಕೋಲ್ ಮಣಿಗಳು ಮೂಗು, ಕಿವಿ, ಫ್ಯಾನಿನ ಗಾಳಿ ಎಲ್ಲ ಕಡೆ ಹೋಗುತ್ತವೆ, ಗುಡಿಸೋ ಆಯಮ್ಮನ ಶಾಪ ನಿಮಗೇ. ಸ್ಕೀ, ಸ್ಕೇಟ್, ಲೂಜ್ (ಮಲಗಿಕೊಂಡು ಐಸ್ ಟ್ರ್ಯಾಕಿನಲ್ಲಿ ಜಾರೋ ಪುಟ್ಟ ಬಂಡಿ), ಕರ್ಲಿಂಗ್ ಎಲ್ಲದರ ಜೀವ ಜಾರುವಿಕೆ. ಅದನ್ನು ತೋರಿಸೋದಕ್ಕೆ ಬೆಂಗಳೂರಿನ ಟೈಲ್ಸ್ ಧಾರಾಳ ಸಾಕು. ಮನಾಲಿ ಕಡೆಯ ಶಿವ ಕೇಶವನ್ 1998ರ ನಗಾನೊದಿಂದ 2018ರ ಪ್ಯೊಂಗ್‌ಚಾಂಗ್‌ವರೆಗೆ 6 ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಲೂಜ್ ಓಡಿಸಿದವರು. ಐಸ್ ಟ್ರ್ಯಾಕ್ ಇಲ್ಲದ ಕಾರಣ ಅವರು ಲೂಜಿಗೆ ಚಕ್ರ ಹಾಕಿಕೊಂಡು ಹಿಮಾಲಯದ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಇದನ್ನು ಹೇಳಿ ನೋಡಿ, ಸಾಯಂಕಾಲ ರೋಲರ್ ಸ್ಕೇಟಿಂಗ್ ಕ್ಲಾಸಿಗೆ ಹೋಗೋ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಒಂದೇ ಒಂದು ಆಟ ಮಾಡಿಸೋದಾದರೆ ಕರ್ಲಿಂಗ್ ಮಾಡಿಸಿ. ಕಲ್ಲಿಗೆ ಬೇಕಾದ್ದು ಹೋಟೆಲಿನಿಂದ ಸಾಂಬಾರ್ ಪಾರ್ಸೆಲ್ ಬರೋ ಗುಂಡನೆಯ ಪ್ಲಾಸ್ಟಿಕ್ ಡಬ್ಬಿ, 250 ಮಿಲಿಲೀಟರಿನದು. 12 ಬೇಕು. ಒಣಗಿದ ಎಂ-ಸ್ಯಾಂಡ್ 300 ಗ್ರಾಂ ತೂಗಿ, ಪಾಲಿಥೀನ್ ಕವರಿಗೆ ತುಂಬಿ ಗಂಟು ಹಾಕಿ ಡಬ್ಬಿಯೊಳಗಿಡಿ. ಮುಚ್ಚಳದ ಸುತ್ತ ಎರಡು ಸುತ್ತು ಟೇಪ್, 6ಕ್ಕೆ ಕೆಂಪು, 6ಕ್ಕೆ ನೀಲಿ. ಕವರ್ ಇಲ್ಲದೆ ಸುರಿದರೆ ಮರಳು ಸೋರಿ ನೆಲಕ್ಕೆ ಬೀಳುತ್ತದೆ, ಆಮೇಲೆ ಕಲ್ಲೂ ಓಡಲ್ಲ, ಮಕ್ಕಳ ಕಾಲೂ ನಿಲ್ಲಲ್ಲ. ಖಾಲಿ ಡಬ್ಬಿಯನ್ನೋ ಬಾಟಲ್ ಮುಚ್ಚಳವನ್ನೋ ಬಳಸಬೇಡಿ. ಹಗುರ ವಸ್ತುವನ್ನು ಮಕ್ಕಳು ತಳ್ಳುವುದಿಲ್ಲ, ಬೀಸುತ್ತಾರೆ. ಅದು ಟೈಲ್ಸ್ ಸಂದಿಗೆ ತಾಗಿ ಹಾರಿ ಮಗುಚುತ್ತದೆ. 1 ಕೆ.ಜಿ. ಮಾಡಿದರೆ ಯಾರದೋ ಕಾಲ್ಬೆರಳು ಜಜ್ಜುತ್ತದೆ. ಡಬ್ಬಿಯ ತಳವನ್ನು ಬೆರಳಿಂದ ಸವರಿ ನೋಡಿ, ಅಂಚಿನಲ್ಲಿ ಬಳೆಯ ಹಾಗೆ ಸ್ವಲ್ಪ ಉಬ್ಬಿರುತ್ತದೆ, ನೆಲ ಮುಟ್ಟೋದು ಅಷ್ಟೇ ಜಾಗ. ನಿಜವಾದ ಕರ್ಲಿಂಗ್ ಕಲ್ಲಿನ ತಳವೂ ಹೀಗೇ, ನಡುವೆ ತಗ್ಗು, ಸುತ್ತ ತೆಳುವಾದ ಒಂದು ಪಟ್ಟಿ. ಹಾಗಾಗಿ ತಳಕ್ಕೆ ಬಟ್ಟೆ, ಸ್ಟಿಕರ್ ಏನೂ ಅಂಟಿಸಬೇಡಿ.

ಗುರಿಯ ವೃತ್ತಗಳನ್ನು ಮೊದಲೇ ಬರೆದಿಡಬೇಡಿ. ಗೆರೆ ಹಾಕಿ, ನಾಲ್ಕು ಮಕ್ಕಳ ಕೈಲಿ ತಳ್ಳಿಸಿ, ಕಲ್ಲು ಹೆಚ್ಚಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಡುಬಿಂದು ಇಡಿ. ನೆಲದಿಂದ ನೆಲಕ್ಕೆ ಬದಲಾಗುತ್ತದೆ, ನಮ್ಮ ಕಾರಿಡಾರಿನಲ್ಲಿ ಸುಮಾರು 3 ಮೀಟರ್ ಬಂತು. ಒಲಿಂಪಿಕ್ಸಿನಲ್ಲಿ ವೃತ್ತಗಳ ಅಗಲ 12, 8, 4 ಮತ್ತು 1 ಅಡಿ. ಅಡಿಗೆ 10 ಸೆಂಟಿಮೀಟರಿನಂತೆ ಹಿಡಿದರೆ 120, 80, 40, 10. ದಾರದ ಒಂದು ತುದಿ ನಡುವೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಚಾಕ್‌ಪೀಸ್ ಕಟ್ಟಿ 60, 40, 20, 5 ಸೆಂಟಿಮೀಟರಿಗೆ ತಿರುಗಿಸಿ. 6 ಜನರ ಎರಡು ತಂಡ, ತಲೆಗೊಂದು ಕಲ್ಲು, ಕೆಂಪು ನೀಲಿ ಸರದಿ ಪ್ರಕಾರ. ಎಲ್ಲ ಮುಗಿದ ಮೇಲೆ ನಡುವಿಗೆ ಹತ್ತಿರದ ಕಲ್ಲು ಯಾರದೋ ಆ ತಂಡಕ್ಕೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರೋ ಅವರ ಒಂದೊಂದು ಕಲ್ಲಿಗೂ ಒಂದೊಂದು. ‘ನಮ್ದು ಹತ್ರ, ನಿಮ್ದು ದೂರ’ ಅಂತ ಜಗಳ ಗ್ಯಾರಂಟಿ. ತೀರಿಸೋದಕ್ಕೆ ಅದೇ ದಾರ ಕೊಡಿ, ಅಳತೆಯ ಪಾಠ ತಾನಾಗಿ ಆಗುತ್ತದೆ. ನಿಜವಾದ ಕಲ್ಲು ಗ್ರಾನೈಟಿನದು, ಸುಮಾರು 20 ಕೆ.ಜಿ. ಮನೆಗೆ ಬರೋ 20 ಲೀಟರ್ ನೀರಿನ ಕ್ಯಾನಿನಷ್ಟು ಭಾರ ಅಂದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಆಟಗಾರರು ಪೊರಕೆಯಂಥ ಬ್ರಷ್ಷಿನಿಂದ ಐಸ್ ಉಜ್ಜೋದು ಅದನ್ನು ಚೂರು ಬಿಸಿ ಮಾಡಿ ಕಲ್ಲು ಇನ್ನಷ್ಟು ದೂರ ಹೋಗಲಿ ಅಂತ. ಟೈಲ್ಸ್ ಮೇಲೆ ಉಜ್ಜಿ ಏನೂ ಆಗಲ್ಲ, ಮಕ್ಕಳಿಗೆ ಪೊರಕೆ ಕೊಡಬೇಡಿ.

36 ಮಕ್ಕಳನ್ನೂ ಒಂದೇ ಆಟಕ್ಕೆ ನಿಲ್ಲಿಸಿದರೆ ಕಾಯೋರು ಗಲಾಟೆ ಎಬ್ಬಿಸುತ್ತಾರೆ. 12ರಂತೆ ಮೂರು ಗುಂಪು, ಗುಂಪಿಗೆ 12 ನಿಮಿಷ. ಪಿ.ಟಿ. ಸರ್ ಒಂದು ಕಡೆ, ಆಯಮ್ಮ ಒಂದು ಕಡೆ ನಿಂತರೆ ನಡೆಯುತ್ತದೆ.

ಎರಡನೇ ಗುಂಪಿಗೆ ಗೊಂಬೆಯ ಇಳಿಜಾರು. ಕಾರ್ಟನ್ ಬಾಕ್ಸ್ ಬಿಚ್ಚಿ 1 ಮೀಟರ್ ಉದ್ದದ ಪಟ್ಟಿ ಕತ್ತರಿಸಿ, ಎರಡೂ ಬದಿ 5 ಸೆಂಟಿಮೀಟರ್ ಮೇಲಕ್ಕೆ ಮಡಿಸಿ, ಒಂದು ತುದಿಯನ್ನು ಕುರ್ಚಿಯ ಮೇಲಿಡಿ. ಸೋಪಿನ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಗೊಂಬೆ ಕಟ್ಟಿ. ಅಂಗಾತ ಮಲಗಿ ಕಾಲು ಮುಂದಾದರೆ ಲೂಜ್, ಬೋರಲು ಮಲಗಿ ತಲೆ ಮುಂದಾದರೆ ಸ್ಕೆಲಿಟನ್. ಬರೀ ರಟ್ಟು, ಪುಸ್ತಕಕ್ಕೆ ಹಾಕೋ ಪ್ಲಾಸ್ಟಿಕ್ ಕವರ್, ಗೋಣಿಚೀಲದ ತುಂಡು, ಮೂರರ ಮೇಲೂ ಬಿಡಿ. ಯಾವುದರಲ್ಲಿ ಬೇಗ ಅಂತ ಬಿಡೋ ಮುಂಚೆ ಕೇಳಿ, ನೋಡಿದ ಮೇಲೆ ಎಲ್ಲರೂ ‘ನನಗೆ ಗೊತ್ತಿತ್ತು’ ಅಂತಾರೆ.

ಮೂರನೆಯದು ಬಯಾತ್ಲಾನ್, ಅಂದರೆ ಸ್ಕೀ ಮೇಲೆ ಓಡಿ ನಡುನಡುವೆ ರೈಫಲಿನಿಂದ ಗುರಿಗೆ ಹೊಡೆಯೋ ಆಟ. ನಮ್ಮದು ಮೈದಾನದಲ್ಲೇ ಆಗಬೇಕು. ಒಂದು ಸುತ್ತು ಓಟ, ಆಮೇಲೆ 1.5 ಮೀಟರ್ ದೂರದ 5 ಡಬ್ಬಗಳಿಗೆ ಹಳೇ ಸಾಕ್ಸ್ ಸುತ್ತಿ ಮಾಡಿದ 5 ಚೆಂಡು. ನಿಜವಾದ ಪಂದ್ಯದಲ್ಲೂ ಗುರಿ 5, ಬಹುತೇಕ ಸ್ಪರ್ಧೆಗಳಲ್ಲಿ ಒಂದು ತಪ್ಪಿದರೆ 150 ಮೀಟರಿನ ದಂಡದ ಸುತ್ತು. ನಿಮ್ಮಲ್ಲಿ ಬಕೆಟ್ ಸುತ್ತ ಒಂದು ಸುತ್ತು ಸಾಕು. ಕೆಲವರು ಓಡೋ ಆಸೆಗೆ ಬೇಕಂತಲೇ ತಪ್ಪಿಸುತ್ತಾರೆ, ಆ ಸುತ್ತನ್ನು ನಡೆದೇ ಮುಗಿಸಬೇಕು ಅಂತ ಮಾಡಿ.

ನಿಜವಾದ ಐಸ್ ತೋರಿಸಲೇಬೇಕು ಅನ್ನಿಸಿದರೆ ಸ್ಟೀಲ್ ಬಟ್ಟಲಲ್ಲಿ 2 ಸೆಂಟಿಮೀಟರ್ ನೀರು ಹಾಕಿ ರಾತ್ರಿ ಫ್ರೀಜರಿನಲ್ಲಿಡಿ, ಬೆಳಗ್ಗೆ ಬಿಲ್ಲೆಗಳನ್ನು ಚಪಾತಿ ಇಡೋ ಕ್ಯಾಸೆರೋಲಿಗೆ ಹಾಕಿ ತನ್ನಿ. ಹೊರಗೆ ತೆಗೆದ ತಕ್ಷಣ ಮುಟ್ಟಲು ಬಿಡಬೇಡಿ, ಒದ್ದೆ ಬೆರಳು ಅಂಟಿಕೊಳ್ಳುತ್ತದೆ. ಮೇಲ್ಮೈ ಒದ್ದೆಯಾಗಿ ಹೊಳೆಯೋವರೆಗೆ ಕಾದು, ದೊಡ್ಡ ತಟ್ಟೆಯಲ್ಲಿ ಒಂದು ಕಡೆ ಬಿಲ್ಲೆ, ಒಂದು ಕಡೆ ರಬ್ಬರ್ ಇಟ್ಟು ಎರಡನ್ನೂ ಒಂದೇ ಬೆರಳಿಂದ ತಳ್ಳಿಸಿ. ಮೇಜಿನ ಮೇಲೆ ಮಾತ್ರ, ನೆಲದ ಮೇಲೆ ಬೇಡ, ಬಿಲ್ಲೆ ಹೋದ ದಾರಿಯೆಲ್ಲ ನೀರಾಗುತ್ತದೆ. ಇದನ್ನು ಮೊದಲನೇ ಪೀರಿಯಡ್ಡಿಗೇ ಇಟ್ಟುಕೊಳ್ಳಿ.