ಓದುಗರ ಪ್ರಶ್ನೆ: ಕಣಿವೆಯೊಳಗೆ ಯುದ್ಧವಿಮಾನ

ಪ್ರಶ್ನೆ: 1998ರಲ್ಲಿ ಇಟಲಿಯಲ್ಲಿ ಅಮೆರಿಕದ ಸೇನಾ ವಿಮಾನವೊಂದು ಕೇಬಲ್ ಕಾರಿನ ತಂತಿ ಕತ್ತರಿಸಿ 20 ಜನ ಸತ್ತರಂತೆ. ವಿಮಾನದಲ್ಲಿ ಎತ್ತರ ತೋರಿಸುವ ಉಪಕರಣ ಇರಲಿಲ್ಲವೇ?

ಉತ್ತರ: ಇತ್ತು. ಅವಿಯಾನೊ ನೆಲೆಯಿಂದ ತರಬೇತಿಗೆ ಹೊರಟಿದ್ದ ಆ ಪ್ರೌಲರ್ ವಿಮಾನ ಫೆಬ್ರವರಿ 3ರಂದು ಕವಲೇಸೆ ಊರಿನ ಬಳಿ ಹಾರುತ್ತಿದ್ದದ್ದು ಸುಮಾರು 360 ಅಡಿ ಎತ್ತರದಲ್ಲಿ. ಅಲ್ಲಿ 2000 ಅಡಿಗಿಂತ ಕೆಳಗೆ ಇಳಿಯುವಂತಿರಲಿಲ್ಲ. ಸಿಬ್ಬಂದಿಯ ನಕ್ಷೆಯಲ್ಲಿ ಆ ತಂತಿಯ ಗುರುತೇ ಇರಲಿಲ್ಲ ಎಂಬುದು ನಿಜ. ಆದರೆ 2000 ಅಡಿಯಲ್ಲೇ ಹಾರಿದ್ದರೆ ಗುರುತಿಲ್ಲದ ತಂತಿಯೂ ಕೆಳಗೇ ಉಳಿಯುತ್ತಿತ್ತು.

ಇನ್ನು ಉಪಕರಣದ ಮಾತು. ನೆಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ನೋಡುವುದು ನೇರ ಕೆಳಗೆ, ಮುಂದಕ್ಕಲ್ಲ. ಗಂಟೆಗೆ 830 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 230 ಮೀಟರ್. 250 ಅಡಿ ಎತ್ತರದಲ್ಲಿ ಸಮತಟ್ಟಾಗಿ ಹಾರುತ್ತಿರುವಾಗ ಕೆಳಗಿನ ನೆಲ 10 ಡಿಗ್ರಿ ಏರತೊಡಗಿತು ಎನ್ನಿ. ಡಿಕ್ಕಿಗೆ ಎರಡು ಸೆಕೆಂಡೂ ಉಳಿದಿರುವುದಿಲ್ಲ. ಎಚ್ಚರಿಕೆಯ ಸದ್ದು ಕೇಳಿ, ಕೈ ನಿಯಂತ್ರಣ ಕಡ್ಡಿಯನ್ನು ಎಳೆದು, ಮೂತಿ ಮೇಲೇಳುವಷ್ಟರಲ್ಲಿ ಅದು ಮುಗಿದಿರುತ್ತದೆ. ತಂತಿಯಂತೂ ಆ ವೇಗದಲ್ಲಿ ಕಣ್ಣಿಗೆ ಸಿಗುವುದೇ ಇಲ್ಲ. ಹುಡುಕಬೇಕಾದದ್ದು ಕಂಬವನ್ನು, ದಾಟಬೇಕಾದದ್ದೂ ಕಂಬದ ನೆತ್ತಿಯ ಮೇಲೆಯೇ. ಎರಡು ಬೆಟ್ಟಗಳ ನಡುವೆ ಕಂಬವಿಲ್ಲದೆ ಎಳೆದ ತಂತಿಗೆ ಈ ಉಪಾಯವೂ ನಡೆಯದು.

ಪ್ರಶ್ನೆ: ಮುಂದೆ ಕಣಿವೆ ಮುಚ್ಚಿಕೊಂಡಿದ್ದರೆ ಹಿಂದಕ್ಕೆ ತಿರುಗಿಸಬಹುದಲ್ಲ?

ಉತ್ತರ: ಅದೇ ವೇಗದಲ್ಲಿ, ಎತ್ತರ ಬದಲಿಸದೆ, 60 ಡಿಗ್ರಿ ವಾಲಿ ತಿರುಗಿದರೂ ಸುತ್ತಿನ ಅಡ್ಡಗಲ ಸುಮಾರು 6.2 ಕಿ.ಮೀ. ಅಷ್ಟು ಅಗಲದ ಕಣಿವೆ ಎಲ್ಲಿದೆ? ಇನ್ನೂ ಬಿಗಿಯಾಗಿ ತಿರುಗಿದರೆ ಸುತ್ತು ಕಿರಿದಾಗುತ್ತದೆ, ಆದರೆ ವೇಗ ಕುಸಿಯುತ್ತದೆ. ಹಾಗಾಗಿ ಕಣಿವೆಯ ನಡುವೆ ಹಾರುವುದಕ್ಕಿಂತ ಒಂದು ಪಕ್ಕಕ್ಕೆ ಸರಿದು ಹಾರುವುದು ಮೇಲು. ತಿರುಗಲು ಪೂರ್ತಿ ಅಗಲ ಸಿಗುತ್ತದೆ. ಮೋಡ ಕಂಡರೆ ಒಳಹೊಕ್ಕು ಪರೀಕ್ಷಿಸಬಾರದು. ರೆಕ್ಕೆ ಸಮ ಮಾಡಿ, ಪೂರ್ತಿ ಶಕ್ತಿ ಕೊಟ್ಟು, ಮೊದಲೇ ಲೆಕ್ಕಹಾಕಿಟ್ಟ ಸುರಕ್ಷಿತ ಎತ್ತರಕ್ಕೆ ಏರಬೇಕು. ಆ ಅಂಕಿ ಹೊರಡುವ ಮುನ್ನವೇ ನಕ್ಷೆಯ ಮೇಲೆ ಬರೆದಿರಬೇಕು. ಮಂಜಿನೊಳಗೆ ಕೂತು ಲೆಕ್ಕ ಹಾಕಲಾಗದು.

ಪ್ರಶ್ನೆ: ಇಷ್ಟು ಅಪಾಯವಿದ್ದರೆ ಕೆಳಗೆ ಹಾರುವುದಾದರೂ ಏಕೆ?

ಉತ್ತರ: ರೇಡಾರ್ ಕಿರಣ ಬೆಟ್ಟವನ್ನು ತೂರಿ ಹೋಗುವುದಿಲ್ಲ. ಬೆಟ್ಟದ ಮರೆಯಲ್ಲಿ ಹಾರುವವನು ಶತ್ರುವಿಗೆ ತಡವಾಗಿ ಕಾಣುತ್ತಾನೆ.